ಕಿವಿಯಲ್ಲಿ ಹತ್ತಿ

ನಮ್ಮೂರಿನ ಸೊಳ್ಳೆಗಳು ತಾವು ಹುಟ್ಟಿದ ಮನೆಯ ಸದ್ದನ್ನೇ ಹಾಡುತ್ತವೆ. ದರ್ಜಿಯ ಮನೆಯಲ್ಲಿ ಹುಟ್ಟಿದ್ದು ಹೊಲಿಗೆ ಯಂತ್ರದ ಹಾಗೆ ಟರ್ರೆಂದು ಓಡಿ, ದಾರ ಕಡಿದಂತೆ ಗಕ್ಕನೆ ನಿಂತು, ಮತ್ತೆ ಓಡುತ್ತದೆ. ಗಂಡ ಹೆಂಡತಿ ಜಗಳವಾಡುವ ಮನೆಯದು ಎರಡು ದನಿಯಲ್ಲಿ ಗುಂಯ್‌ಗುಡುತ್ತದೆ, ಅದರಲ್ಲಿ ಹೆಂಡತಿಯ ದನಿ ಒಂದು ಕೂದಲೆಳೆಯಷ್ಟು ಮೇಲಿರುತ್ತದೆ. ಶಾಲೆಯ ಹಿಂದಿನ ಮುರಿದ ಹೂವಿನ ಕುಂಡದಲ್ಲಿ ಹುಟ್ಟಿದವು ಮಗ್ಗಿ ಒಪ್ಪಿಸುತ್ತವೆ, ಅದೂ ಹಳೆಯ ಮೇಷ್ಟ್ರ ರಾಗದಲ್ಲಿ. ಆ ಮೇಷ್ಟ್ರು ಊರು ಬಿಟ್ಟು ನಾಲ್ಕು ವರ್ಷವಾಯಿತು, ಆದರೆ ಕುಂಡದ ನೀರನ್ನು ಯಾರೂ ಚೆಲ್ಲಿಲ್ಲ. ಬೇರೆ ಊರುಗಳಲ್ಲಿ ಸೊಳ್ಳೆ ಸುಮ್ಮನೆ ಸೊಳ್ಳೆಯ ಹಾಗೆ ಕೂಗುತ್ತದಂತೆ. ತಮ್ಮನ್ನು ಕಚ್ಚಿದ್ದು ಯಾರ ಮನೆಯದೆಂದು ತಿಳಿಯದೆ ಅಲ್ಲಿಯ ಜನ ಹೇಗೆ ಬಾಳುತ್ತಾರೋ, ನಾನಂತೂ ಕಾಣೆ.

ನಮ್ಮದು ಚಳಿಯ ಊರು. ವರ್ಷದಲ್ಲಿ ಎಂಟು ತಿಂಗಳು ಕಂಬಳಿ, ನಾಲ್ಕು ತಿಂಗಳು ಸೊಳ್ಳೆ. ಬೆಳಿಗ್ಗೆ ಎದ್ದು ಡ್ರಮ್ಮಿನ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಚೊಂಬಿನಿಂದ ಕುಟ್ಟಿ ಒಡೆಯುವುದು ನಿಂತಿತೆಂದರೆ ಪುರಸಭೆಯವರು ನನಗೆ ಹೇಳಿ ಕಳಿಸುತ್ತಾರೆ. ನಾನು ಈ ಊರಿನ ಕೇಳುಗಿತ್ತಿ. ಹೆಸರು ರುದ್ರಾಣಿ, ಜನ ಕರೆಯುವುದು ಕಿವಿ ರುದ್ರಾಣಿ ಎಂದು. ಸೊಳ್ಳೆಯನ್ನು ಗಾಜಿನ ಸೀಸೆಯಲ್ಲಿ ಹಿಡಿದು, ಬಾಯಿಗೆ ತೆಳ್ಳನೆಯ ಬಟ್ಟೆ ಬಿಗಿದು, ಕಿವಿಗೆ ಹಿಡಿದು, ಇಂಥ ಮನೆಯದೆಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆಮೇಲೆ ಆ ಮನೆಗೆ ಹೋಗಿ, ನಿಮ್ಮ ಹಿತ್ತಲಲ್ಲಿ ಎಲ್ಲೋ ನೀರು ನಿಂತಿದೆ, ಚೆಲ್ಲಿ ಎಂದು ಹೇಳಿ ಬೈಸಿಕೊಂಡು ಬರುವುದೂ ನನ್ನದೇ. ಕೆಲಸ ನನ್ನ ಸೋದರತ್ತೆಯಿಂದ ಬಂದದ್ದು. ಅವಳು ಸಾಯುವಾಗ ಸೀಸೆಯನ್ನೂ ಎರಡು ಕಟ್ಟಳೆಗಳನ್ನೂ ನನ್ನ ಕೈಗೆ ಕೊಟ್ಟಳು.

ಮೊದಲನೆಯದು ಹತ್ತಿಯ ಕಟ್ಟಳೆ. ನಮ್ಮೂರು ಇಳಿಜಾರಿನಲ್ಲಿದೆ. ಮೇಲಿನ ಬೀದಿಯಲ್ಲಿ ತೋಟದ ನಡುವೆ ದೊಡ್ಡ ಮನೆಗಳು, ಕಿಟಕಿಗಳಿಗೆಲ್ಲ ಜಾಲರಿ, ತಿರುಗಿಸಿದಾಗ ನೀರು ಬರುವ ನಲ್ಲಿಗಳು. ಕೆಳಗಿನ ಕೇರಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಕಿಟಕಿಗೆ ಗೋಣಿತಾಟು, ನಾಲ್ಕು ದಿನಕ್ಕೊಮ್ಮೆ ನೀರು. ಬಹಳ ಹಿಂದೆ ಮೇಲಿನ ಬೀದಿಯಲ್ಲಿ ಒಂದು ನಿಶ್ಚಿತಾರ್ಥ ನಡೆಯುತ್ತಿದ್ದಾಗ, ಹುಡುಗನ ತಾಯಿ ಹುಡುಗಿಯ ಮೂಗಿನ ಬಗ್ಗೆ ತನ್ನ ಹಿತ್ತಲಲ್ಲಿ ಆಡಿದ್ದ ಮಾತನ್ನು ಒಂದು ಸೊಳ್ಳೆ ಬಂದು ತುಂಬಿದ ಸಭೆಯಲ್ಲಿ ಹಾಡಿಬಿಟ್ಟಿತಂತೆ. ಮದುವೆ ಮುರಿಯಿತು. ಅಂದಿನಿಂದ ಕೇಳುಗಿತ್ತಿಯಾದವಳು ಮೇಲಿನ ಬೀದಿಯ ಮೊದಲ ಗೇಟಿನ ಹತ್ತಿರ ನಿಂತು ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳಬೇಕು, ಕೊನೆಯ ಗೇಟು ದಾಟಿದ ಮೇಲೆ ತೆಗೆಯಬೇಕು. ದೊಡ್ಡವರ ಮನೆಯ ಮಾನದ ಪ್ರಶ್ನೆ. ಹತ್ತಿಯನ್ನೂ ಪುರಸಭೆಯೇ ಕೊಡುತ್ತದೆ. ಕೇರಿಯವರಿಗೆ ಇಂಥ ಮಾನವಿರಲಿಲ್ಲ ಎಂದಲ್ಲ, ಅವರನ್ನು ಯಾರೂ ಕೇಳಿರಲಿಲ್ಲ.

ಎರಡನೆಯ ಕಟ್ಟಳೆ ಇನ್ನೂ ಸುಲಭದ್ದು. ದನಿಯ ಗುರುತು ಸಿಗದ ಸೊಳ್ಳೆಯನ್ನು ಹಿಡಿದ ಮನೆಯ ಹೆಸರಿಗೇ ಬರೆದುಬಿಡುವುದು. ಮೂವತ್ತೊಂದು ವರ್ಷ ನಾನು ಹಾಗೇ ಬರೆದೆ. ಮೇಲಿನ ಬೀದಿಯ ಹೆಸರಿನ ಮುಂದೆ ಪ್ರತಿ ತಿಂಗಳೂ 'ಇಲ್ಲ' ಎಂದು ಬರೆದೆ, ಏಕೆಂದರೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ಈಗ ನೆನೆದರೆ ನನ್ನ ಬುದ್ಧಿಗೆ ನಾನೇ ನಗಬೇಕು. ಆಗ ನಗು ಬರಲಿಲ್ಲ, ಸಂಬಳ ಬರುತ್ತಿತ್ತು.

ಮೇಲಿನ ಬೀದಿಗೆ ಹೋಗುವುದೆಂದರೆ ನನಗೆ ಇಷ್ಟವೇ, ಅದಕ್ಕೆ ಕಾರಣ ಅಂಬುಜಾಕ್ಷಮ್ಮನವರ ಮನೆಯ ಕಾಫಿ. ಎಪ್ಪತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಹನ್ನೊಂದು ವರ್ಷ, ಪುರಸಭೆಯ ಆರೋಗ್ಯ ಸಮಿತಿಗೆ ಅವರೇ ಅಧ್ಯಕ್ಷರು. ಬೇರೆ ಮನೆಯವರು ನನ್ನನ್ನು ಗೇಟಿನಿಂದಲೇ ಸಾಗಹಾಕಿದರೆ ಇವರು ಜಗಲಿಗೆ ಕರೆದು ಕೂರಿಸುತ್ತಿದ್ದರು. ಕಿವಿಯಲ್ಲಿ ಹತ್ತಿ ಇರುತ್ತಿದ್ದರಿಂದ ನಮ್ಮದು ಕೈಸನ್ನೆಯ ಸ್ನೇಹ. ಒಂದು ಬೆರಳು ಎತ್ತಿದರೆ ಒಂದು ಚಮಚ ಸಕ್ಕರೆ, ಹುಬ್ಬು ಹಾರಿಸಿದರೆ ಮನೆ ಕಡೆ ಹೇಗಿದ್ದಾರೆ. ಒಂದು ಚಳಿಗಾಲದಲ್ಲಿ ನನ್ನ ಹರಿದ ಶಾಲನ್ನು ನೋಡಿ, ಮಾತಿಲ್ಲದೆ ಒಳಗೆ ಹೋಗಿ ಒಂದು ಹೊಸ ಶಾಲು ತಂದು ಹೆಗಲಿಗೆ ಹೊದಿಸಿದ್ದರು. ಮೂವತ್ತೊಂದು ವರ್ಷ ಅವರ ಕೈಯ ಕಾಫಿ ಕುಡಿದ ನನಗೆ ಅವರ ದನಿ ಹೇಗಿದೆಯೆಂದು ಗೊತ್ತಿರಲಿಲ್ಲ. ಅವರ ತೋಟದಲ್ಲಿ ಗಂಡ ಕಟ್ಟಿಸಿದ ಒಂದು ಕಲ್ಲಿನ ಕೊಳವಿತ್ತು, ನಡುವೆ ಚಿಲುಮೆ, ಸುತ್ತ ನೈದಿಲೆ. ಗಂಡ ಹೋದ ಮೇಲೆ ಚಿಲುಮೆ ನಿಂತಿತ್ತು. ಸಂಜೆ ಐದಕ್ಕೆ ಅವರು ಎರಡು ಲೋಟ ಕಾಫಿ ಹಿಡಿದು ಆ ಕೊಳದ ಕಟ್ಟೆಯ ಮೇಲೆ ಕೂತು ತುಟಿ ಆಡಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಏನೋ ಸ್ತೋತ್ರವಿರಬೇಕು ಎಂದುಕೊಂಡಿದ್ದೆ.

ಆ ಬೇಸಿಗೆ ಕೀಲು ಹಿಡಿಯುವ ಜ್ವರ ಬಂತು. ಮೇಲಿನ ಬೀದಿಯಲ್ಲಿ ಇಬ್ಬರು, ಕೆಳಗಿನ ಕೇರಿಯಲ್ಲಿ ಹದಿನೆಂಟು ಜನ ಹಾಸಿಗೆ ಹಿಡಿದರು. ಬಡಗಿ ಮಾರಣ್ಣನ ಹೆಂಡತಿ ಹಾಸಿಗೆಯಿಂದ ಏಳಲೇ ಇಲ್ಲ. ಸಮಿತಿ ಸೇರಿತು, ನನ್ನ ಪುಸ್ತಕ ತರಿಸಿಕೊಂಡಿತು, ಪುಟ ತಿರುವಿತು. ಎಲ್ಲ ಪುಟದಲ್ಲೂ ಕೇರಿ, ಕೇರಿ, ಕೇರಿ. ಕೇರಿಯ ಅಷ್ಟೂ ನೀರಿನ ಡ್ರಮ್ಮುಗಳನ್ನು ಸೋಮವಾರ ಬೆಳಿಗ್ಗೆ ಪುರಸಭೆಯ ಗಾಡಿ ಬಂದು ಒಯ್ಯತಕ್ಕದ್ದು, ಚಳಿ ಮರಳಿದ ಮೇಲೆ ಹಿಂದಿರುಗಿಸತಕ್ಕದ್ದು ಎಂದು ಅಪ್ಪಣೆಯಾಯಿತು. ಕೆಳಗೆ ಅಂಬುಜಾಕ್ಷಮ್ಮನವರ ಸಹಿ. ಪುಸ್ತಕ ನನ್ನದಾದ್ದರಿಂದ ಅದನ್ನು ಕೇರಿಗೆ ಓದಿ ಹೇಳುವ ಕೆಲಸವೂ ನನ್ನ ತಲೆಗೇ ಬಂತು.

ಗುರುವಾರ ಮೊದಲು ದುಂಡಕ್ಕನ ನೀರಿನ ಮನೆಗೆ ಹೋದೆ. ಕೇರಿಯ ಮನೆಗಳಲ್ಲಿ ಬಚ್ಚಲಿಲ್ಲ. ದುಂಡಕ್ಕನ ಮನೆಯಲ್ಲಿ ಮೂರು ತಾಮ್ರದ ಹಂಡೆ, ಆರು ಡ್ರಮ್ಮು. ಸರದಿಯಂತೆ ಎಲ್ಲರೂ ಅಲ್ಲೇ ಬಿಸಿನೀರು ಹುಯ್ದುಕೊಳ್ಳಬೇಕು. ಬಾಣಂತಿಯರಿಗೂ ಕೂಸುಗಳಿಗೂ ನೀರೆರೆಯುವವಳು ಅವಳೇ, ಮೇಲಿನ ಬೀದಿಯವರೂ ಅದಕ್ಕೆ ಅವಳನ್ನೇ ಕರೆಯುತ್ತಾರೆ. ಕಾಲು ನೀಡಿ ಕೂತು, ಕೂಸನ್ನು ಮೊಳಕಾಲ ಮೇಲೆ ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ನೀರು ಹುಯ್ದರೆ ಎಂಥ ರಚ್ಚೆ ಹಿಡಿದ ಕೂಸೂ ಅಲ್ಲೇ ನಿದ್ದೆ ಹೋಗುತ್ತದೆ. ಊರಿನ ಅರ್ಧ ಜನ ಅವಳ ಕಾಲ ಮೇಲೆ ಮಲಗಿ ಎದ್ದವರೇ. ನನಗಿಂತ ಹತ್ತು ವರ್ಷ ದೊಡ್ಡವಳು, ಗುಂಡಗೆ, ಸದಾ ಒದ್ದೆ ಸೆರಗು.

ಅಪ್ಪಣೆ ಓದಿ ಹೇಳಿದೆ. ಅವಳು ಕೂಗಾಡಲಿಲ್ಲ. ಒಲೆಗೆ ಸೌದೆ ನೂಕಿ, ಬಾ ಎಂದು ಕರೆದುಕೊಂಡು ಹೋಗಿ ಒಂದೊಂದೇ ಡ್ರಮ್ಮು ತೋರಿಸಿದಳು. ಎಲ್ಲಕ್ಕೂ ಹಳೆ ಸೀರೆಯ ಬಟ್ಟೆ, ಬಿಗಿಯಾಗಿ ಹಗ್ಗ. ನೀರು ಬರುವ ದಿನ ತಳದ ತೊಟ್ಟೂ ಬಿಡದೆ ಚೆಲ್ಲಿ, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ ಆಮೇಲೆ ತುಂಬಿಸುತ್ತಾಳೆ. ಕೇರಿಯಲ್ಲಿ ಎಲ್ಲರೂ ಹಾಗೇ, ಅವಳ ಬಾಯಿಗೆ ಹೆದರಿ.

"ಸೊಳ್ಳೆ ನೀರಲ್ಲಿ ಎಷ್ಟು ದಿನ ಇರ್ಬೇಕು ಹುಟ್ಟಕ್ಕೆ?" ಎಂದು ಕೇಳಿದಳು.

"ಎಂಟು ದಿನ. ಹತ್ತೂ ಆಗ್ತದೆ."

"ನಮ್ ಡ್ರಮ್ಮಲ್ಲಿ ನೀರು ನಾಕೇ ದಿನ ಇರದು ಕಣವ್ವ. ಅದೆಂಗೆ ಹುಟ್ತದೆ?"

ನಾನು ಡ್ರಮ್ಮಿನ ಹಗ್ಗದ ಗಂಟನ್ನು ಎಳೆದು ನೋಡಿದೆ. ಅಷ್ಟರಲ್ಲಿ ನನ್ನ ಮೊಳಕೈ ಮೇಲೆ ಒಂದು ಸೊಳ್ಳೆ ಬಂದು ಕೂತಿತು. ಕೇರಿಯ ಸೊಳ್ಳೆ ಸಾಮಾನ್ಯವಾಗಿ ನರಪೇತಲ, ಇದು ಮೈಕೈ ತುಂಬಿಕೊಂಡು ನೆರಳಲ್ಲಿ ಚೆನ್ನಾಗಿ ಉಂಡು ಬೆಳೆದದ್ದು. ಹಿಡಿದು ಕಿವಿಗೆ ಇಟ್ಟೆ. ಒಂದು ಎತ್ತರದ ದನಿ ಮೆಲ್ಲಗೆ ಎಳೆದು ನಿಂತಿತು, ಅದರ ಹಿಂದೆಯೇ ಒಂದು ತಗ್ಗಿನ ದನಿ, ಎರಡು ಸಲ, ಚುಟುಕಾಗಿ. ಯಾವ ಮನೆಯದೆಂದು ಗುರುತು ಸಿಗಲಿಲ್ಲ. ಕೈ ತನ್ನಷ್ಟಕ್ಕೆ ಪುಸ್ತಕ ತೆಗೆದು ಬರೆಯತೊಡಗಿತು. ದುಂಡಕ್ಕನಿಗೆ ಓದು ಬಾರದು, ಏನು ಬರೆದೆ ಎಂದು ಕೇಳಿದಳು. ನಿನ್ನ ಹೆಸರು ಎಂದೆ. ಯಾಕೆ ಎಂದಳು. ಗುರುತು ಸಿಗದಿದ್ದರೆ ಹಿಡಿದ ಮನೆಯ ಹೆಸರಿಗೆ ಬರೆಯುವುದು ವಾಡಿಕೆ ಎಂದೆ. ಹಾಗೆನ್ನುವಾಗಲೇ ನನ್ನ ಕಿವಿ ಬಿಸಿಯಾಯಿತು. ಅವಳ ಮನೆಯ ಸದ್ದು ನನಗೆ ಗೊತ್ತಿಲ್ಲದ್ದೇ? ಚೊಂಬು, ಬಳೆ, ಸುರಿಯುವ ನೀರು, ಕೂಸಿನ ಅಳು.

ಬೈಯುತ್ತಾಳೆಂದು ಕಾದೆ. ಅವಳು ಕೈ ಒರೆಸಿಕೊಂಡು, ಎಲ್ಲಿ ಕೊಡು ಎಂದು ಸೀಸೆಯನ್ನು ತನ್ನ ಕಿವಿಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಅವಳ ಮುಖ ಮೆತ್ತಗಾಯಿತು.

"ಅಂಬುಜಾಕ್ಷಮ್ಮೋರ ದನಿ ಕಣವ್ವ ಇದು. ಅವ್ರ ಮೊಮ್ಮಗಂಗೆ ನಲವತ್ತು ದಿನ ನೀರು ಹುಯ್ದಿವ್ನಿ, ಸಂಜೆ ಐದಾದ್ರೆ ಇದೇ ಧಾಟಿ."

ತಗ್ಗಿನ ದನಿ ಯಾರದು ಎಂದು ಕೇಳಿದೆ. ಅದನ್ನು ಅವರ ಹತ್ತಿರವೇ ಕೇಳು ಎಂದು ಸೀಸೆ ವಾಪಸು ಕೊಟ್ಟು ಒಲೆಯ ಕಡೆ ತಿರುಗಿದಳು.

ಆ ರಾತ್ರಿ ಸೀಸೆಯನ್ನು ಮುಂದಿಟ್ಟುಕೊಂಡು ಕೂತೆ. ಹೇಳಿದರೆ ನನ್ನ ಕೆಲಸ ಹೋಗಬಹುದು, ಅದು ಹಾಗಿರಲಿ. ಶಾಲು ಹೊದಿಸಿದ ಕೈಯವರ ಮನೆಯ ಗುಟ್ಟನ್ನು ಸೀಸೆಯಲ್ಲಿ ಹೊತ್ತು ಅವರ ಮುಂದೆಯೇ ಹಿಡಿಯುವುದು ಹೇಗೆ? ಹೇಳದಿದ್ದರೆ ಸೋಮವಾರ ಡ್ರಮ್ಮುಗಳು ಹೋಗುತ್ತವೆ. ದುಂಡಕ್ಕನ ಒಲೆ ಆರುತ್ತದೆ. ಮೇಲಿನಿಂದ ಗಾಳಿಯ ಜೊತೆ ಇಳಿದು ಬರುವ ಸೊಳ್ಳೆ ಮಾತ್ರ ಜಾಲರಿಯಿಲ್ಲದ ಕಿಟಕಿಗಳಲ್ಲಿ ನುಗ್ಗುತ್ತಲೇ ಇರುತ್ತದೆ. ಮಾರಣ್ಣ ಹೆಂಡತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಅದರ ಪಕ್ಕದಲ್ಲೇ ಕೂತಿದ್ದನ್ನು ಬರುವ ದಾರಿಯಲ್ಲಿ ನೋಡಿದ್ದೆ.

ಶುಕ್ರವಾರ ಸಂಜೆ ಮೇಲಿನ ಬೀದಿಯ ಮೊದಲ ಗೇಟಿನ ಹತ್ತಿರ ನಿಂತೆ. ಹತ್ತಿ ಅಂಗೈಯಲ್ಲಿತ್ತು. ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹಾಗೇ ನಡೆದೆ. ಆ ಬೀದಿ ನನಗೆ ಕೇಳಿಸಿದ್ದು ಅದೇ ಮೊದಲು. ದೊಡ್ಡವರ ಮನೆಗಳಲ್ಲಿ ಏನೇನು ಗುಟ್ಟುಗಳಿರುತ್ತವೋ ಎಂದು ಕಿವಿ ನಿಮಿರಿಸಿಕೊಂಡಿದ್ದೆ. ಒಂದು ಮನೆಯಲ್ಲಿ ಯಾರೋ ಒಬ್ಬರೇ ಪಗಡೆ ಆಡುತ್ತಾ ಎರಡೂ ಕಡೆಯ ದಾಳ ತಾವೇ ಹಾಕುತ್ತಿದ್ದರು. ಇನ್ನೊಂದರಲ್ಲಿ ಒಬ್ಬ ಮುದುಕ ನಾಯಿಗೆ ದಿನಪತ್ರಿಕೆ ಓದಿ ಹೇಳುತ್ತಿದ್ದ. ಇಷ್ಟಕ್ಕೆ ಮೂವತ್ತೊಂದು ವರ್ಷ ಹತ್ತಿ ತುರುಕಿಕೊಂಡೆನಲ್ಲ ಎನ್ನಿಸಿ ಅವರ ಮೇಲೆಲ್ಲ ಅಕ್ಕರೆಯೇ ಬಂತು.

ಅಂಬುಜಾಕ್ಷಮ್ಮನವರು ಕೊಳದ ಕಟ್ಟೆಯ ಮೇಲಿದ್ದರು, ಪಕ್ಕದಲ್ಲಿ ಎರಡು ಲೋಟ. ನನ್ನ ಕಡೆ ಅವರ ಬೆನ್ನಿತ್ತು.

"ರೀ, ಕಾಫಿ ಆರ್ತಾ ಇದೆ," ಎಂದರು.

ಹುಡುಗಿಯ ದನಿ. ಎಪ್ಪತ್ತು ವರ್ಷದ ಹೆಂಗಸಿನ ಗಂಟಲಲ್ಲಿ ಇಷ್ಟು ಎಳೆಯ ದನಿ ಇರಬಹುದೆಂದು ನಾನು ಎಣಿಸಿರಲಿಲ್ಲ. ಸೀಸೆಯಲ್ಲಿದ್ದದ್ದು ಇದೇ. ಕೊಳದ ಮೇಲೆ ಸೊಳ್ಳೆಗಳ ಮುಸುಕು ಕಟ್ಟಿತ್ತು, ಎಲ್ಲವೂ ಅದನ್ನೇ ಹಾಡುತ್ತಿದ್ದವು, ಒಂದು ಎಳೆತ, ಅದರ ಹಿಂದೆ ಎರಡು ತಗ್ಗಿನ ಚುಟುಕು. ಹತ್ತಿರದಲ್ಲೇ ಬದುಕುವವರಿಗೆ ಅದು ಬರೀ ಸೊಳ್ಳೆಯ ಗುಂಯ್ ಎಂದೇ ಕೇಳಿಸುತ್ತದೆ. ತಮ್ಮ ಮನೆಯ ಸದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಅವರು ತಿರುಗಿ ನನ್ನನ್ನು ಕಂಡು ಅಭ್ಯಾಸದಂತೆ ಒಂದು ಬೆರಳು ಎತ್ತಿದರು. ಆಮೇಲೆ ನನ್ನ ಬರಿಗಿವಿಗಳನ್ನು ನೋಡಿದರು. ಬೆರಳು ಹಾಗೇ ನಿಂತಿತು. ನಾನು ತಪ್ಪಾಯಿತು ಎಂದೆ, ಆದರೆ ಸೆರಗಿನ ಹತ್ತಿ ಬಿಚ್ಚಿ ಕಿವಿಗೆ ಇಟ್ಟುಕೊಳ್ಳಲಿಲ್ಲ. ದುಂಡಕ್ಕನ ಡ್ರಮ್ಮು, ನಾಲ್ಕು ದಿನದ ನೀರು, ನನ್ನ ಪುಸ್ತಕದ ಸುಳ್ಳು, ಮಾರಣ್ಣನ ಹೆಂಡತಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೊಳದ ಹೆಸರೆತ್ತಿದಾಗ ಅವರ ಮುಖ ಬಿಗಿಯಿತು. ಈ ನೀರನ್ನು ನಮ್ಮನೆಯವರು ಇದ್ದಾಗ ತುಂಬಿಸಿದ್ದು, ಅಂದಿನಿಂದ ಯಾರೂ ಮುಟ್ಟಿಲ್ಲ ಎಂದರು. ನಾನು ಸೀಸೆ ಮುಂದೆ ಚಾಚಿದೆ. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ.

ಅವರು ಅದನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಕಾಫಿಯ ಮೇಲೆ ಕೆನೆ ಕಟ್ಟಿತು. ಬಹಳ ಹೊತ್ತಿನ ಮೇಲೆ ಅವರ ತುಟಿಯ ಮೂಲೆ ನಡುಗಿತು, ಅಳುತ್ತಾರೆಂದುಕೊಂಡೆ, ನೋಡಿದರೆ ನಗುತ್ತಿದ್ದರು. ಆಮೇಲೆ ಅಳು ಬಂತು.

"ಬಂದೆ ಬಂದೆ ಅಂತಿದ್ದಾರೆ," ಎಂದರು. "ದಿನಾ ಇದೇ. ಬಂದೆ ಬಂದೆ ಅನ್ನೋರು, ಬರ್ತಿರ್ಲಿಲ್ಲ. ಪುಸ್ತಕ ಮುಗಿಸಿ ಬರೋ ಹೊತ್ತಿಗೆ ತಣ್ಣಗಾಗಿರೋದು. ಹಾಗೇ ಕುಡಿಯೋರು."

ಆಗ ನನಗೆ ಅರ್ಥವಾಯಿತು, ನಾನು ಏನು ಕೇಳಲು ಬಂದಿದ್ದೇನೆ ಎಂದು. ಶಾಲೆಯ ಕುಂಡದ ಹಾಗೆ ಈ ನೀರೂ ಆ ದನಿಯನ್ನು ಹನ್ನೊಂದು ವರ್ಷದಿಂದ ಮರೆತಿರಲಿಲ್ಲ. ಅವರಿಗೆ ಗಂಡನ ದನಿ ಮರಳಿ ಸಿಕ್ಕ ಗಳಿಗೆಯಲ್ಲೇ, ಅದನ್ನು ಚೆಲ್ಲಿಬಿಡಿ ಎಂದು ಹೇಳಬೇಕಾದವಳು ನಾನು. ಅವರು ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು, ಕತ್ತಲಾಗುತ್ತದೆ, ಮನೆಗೆ ಹೋಗು ಎಂದರು.

ಸೋಮವಾರ ಬೆಳಿಗ್ಗೆ ಕೇರಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ದುಂಡಕ್ಕ ಆರೂ ಡ್ರಮ್ಮುಗಳನ್ನು ಕೊನೆಯ ಸಲವೆಂಬಂತೆ ಉಜ್ಜಿ, ಹೆಣ್ಣನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಸಾಲಾಗಿ ನಿಲ್ಲಿಸಿದ್ದಳು. ನಾನು ಅವಳ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಪುರಸಭೆಯ ಗಾಡಿ ಬಂತು, ಖಾಲಿ ಗಾಡಿ, ಹೊಡೆಯುವ ಈರಯ್ಯನ ಕೈಯಲ್ಲಿ ಒಂದು ಚೀಟಿ. ಅವನು ಇಳಿದು ಅದನ್ನು ನನ್ನ ಕೈಗೆ ಕೊಟ್ಟ. ಅಂಬುಜಾಕ್ಷಮ್ಮನವರ ಅಕ್ಷರ. ಡ್ರಮ್ಮುಗಳು ಇದ್ದಲ್ಲೇ ಇರಲಿ, ಮೊದಲು ನನ್ನ ಮನೆಯ ಕೊಳ ಬರಿದಾಗಬೇಕು, ದುಂಡಮ್ಮನನ್ನು ನಾರು ಬೂದಿಯ ಸಮೇತ ಇದೇ ಗಾಡಿಯಲ್ಲಿ ಕಳಿಸಿಕೊಡಿ, ಇಂಥ ಉಜ್ಜುವ ಕೆಲಸ ಬೇರೆಯವರಿಗೆ ಬಾರದು ಎಂದು ಬರೆದಿದ್ದರು. ಗಟ್ಟಿಯಾಗಿ ಓದಿದೆ. ದುಂಡಕ್ಕ ಮೂಗು ಒರೆಸಿಕೊಂಡು, ಬೂದಿ ಎಷ್ಟು ತರಲಿ ಎಂದು ಮಾತ್ರ ಕೇಳಿದಳು.

ಕೊಳ ಬರಿದಾಗಲು ಹೊತ್ತೇರಿ ಮಧ್ಯಾಹ್ನವಾಯಿತು. ನಾನೂ ಈರಯ್ಯನೂ ಬಕೆಟ್ಟಿನಲ್ಲಿ ಮೊಗೆದು ಗಿಡಗಳ ಬುಡಕ್ಕೆ ಸುರಿದೆವು. ಬೀದಿಯವರು ತಮ್ಮ ತಮ್ಮ ಗೇಟಿಗೆ ಬಂದು ನೋಡಿದರು. ಸಮಿತಿಯ ಒಬ್ಬ ಸದಸ್ಯರು ಬಂದು, ಕಿವಿಗೆ ಹತ್ತಿಯಿಲ್ಲದವಳನ್ನು ಒಳಗೆ ಬಿಟ್ಟಿದ್ದೀರಲ್ಲ, ಬೀದಿಯ ಮಾನ ಏನಾಗಬೇಕು ಎಂದು ಅಂಬುಜಾಕ್ಷಮ್ಮನವರನ್ನು ಕೇಳಿದರು. ಅವರು, ನಿಮ್ಮ ಮಾಳಿಗೆಯ ಮಳೆನೀರಿನ ದೋಣಿಯಲ್ಲೂ ಎಲೆ ಕೊಳೆತು ನೀರು ನಿಂತಿದೆ, ನಾಳೆ ರುದ್ರಾಣಿ ಅಲ್ಲಿಗೇ ಬರುತ್ತಾಳೆ, ಅಷ್ಟರೊಳಗೆ ಮನೆಯಲ್ಲಿ ಒಳ್ಳೆ ಮಾತು ಆಡಿಕೊಂಡಿರಿ ಎಂದರು. ಆಮೇಲೆ ಅಂಬುಜಾಕ್ಷಮ್ಮನವರು ಒಳಗೆ ಹೋದವರು ಹೊರಗೆ ಬರಲಿಲ್ಲ. ಕೊನೆಯ ಬಕೆಟ್ಟು ಎತ್ತುವಾಗ ಅವರು ಕಿಟಕಿಯ ಜಾಲರಿಯ ಹಿಂದೆ ನಿಂತಿದ್ದರು. ನಾನು ತಡೆದು ಅವರ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಸುರಿದುಬಿಟ್ಟೆ. ಮಣ್ಣು ಅದನ್ನು ಕುಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

ದುಂಡಕ್ಕ ಸೀರೆ ಎತ್ತಿ ಕಟ್ಟಿ ಖಾಲಿ ಕೊಳಕ್ಕೆ ಇಳಿದಳು. ಹನ್ನೊಂದು ವರ್ಷದ ಪಾಚಿ. ಕೂಸಿನ ಬೆನ್ನು ತಿಕ್ಕುವಾಗ ಹಾಡುವ ಅದೇ ಹಾಡನ್ನು ಗುನುಗುತ್ತಾ ಕಲ್ಲಿನ ಒಂದೊಂದು ಸಂದನ್ನೂ ಉಜ್ಜಿದಳು. ನಾನು ಮೇಲಿನಿಂದ ನೀರು ಹುಯ್ಯುತ್ತಿದ್ದೆ. ಕೆಳಗಿನಿಂದ ಬಿಳಿ ಕಲ್ಲು ಹೊರಬಂತು, ಅದರಲ್ಲಿ ಕೆತ್ತಿದ ಪುಟ್ಟ ಮೀನುಗಳು ಬಂದವು. ಈ ಮೀನುಗಳಿದ್ದದ್ದೇ ಯಾರಿಗೂ ನೆನಪಿರಲಿಲ್ಲ. ಸೊಳ್ಳೆಗಳು ಎತ್ತಲೋ ಚದುರಿ ಹೋಗಿ ತೋಟ ಸ್ತಬ್ಧವಾಗಿತ್ತು. ಆ ಸ್ತಬ್ಧತೆಯನ್ನು ನನ್ನಿಂದ ತಡೆಯಲಾಗಲಿಲ್ಲ, ಯಾಕೆಂದರೆ ಅದನ್ನು ಮಾಡಿದವಳು ನಾನೇ.

ಐದು ಗಂಟೆಯಾಯಿತು, ಈರಯ್ಯ ಗಾಡಿ ಹೊಡೆದುಕೊಂಡು ಆಗಲೇ ಹೋಗಿದ್ದ. ಅಂಬುಜಾಕ್ಷಮ್ಮನವರು ತಟ್ಟೆ ಹಿಡಿದು ಜಗಲಿಗೆ ಬಂದರು. ಅದರಲ್ಲಿ ಮೂರು ಲೋಟ. ತಟ್ಟೆ ಇಟ್ಟು, ಬಿಳಿಯಾದ ಕೊಳದ ಕಡೆ ನೋಡುತ್ತಾ ನಿಂತರು. ನಲವತ್ತೆಂಟು ವರ್ಷದ ಅಭ್ಯಾಸ, ಬಾಯಿ ತಾನಾಗಿ ತೆರೆಯಿತು.

"ಕಾಫಿ ಆರ್ತಾ ಇದೆ," ಎಂದರು, ಆ ಹುಡುಗಿಯ ದನಿಯಲ್ಲಿ. ಅಂದ ಮೇಲೆ ಅವರಿಗೇ ಕೇಳಿಸಿರಬೇಕು, ಕೈಯನ್ನು ಬಾಯಿಗೆ ಒತ್ತಿಕೊಂಡರು.

"ಬಂದೆ ಬಂದೆ," ಎಂದಿತು ಕೊಳದೊಳಗಿಂದ.

ದುಂಡಕ್ಕ ನಾರನ್ನು ಕೊಡವಿ, ಕಟ್ಟೆ ಹಿಡಿದು, ಏದುಸಿರು ಬಿಡುತ್ತಾ ಮೇಲೆ ಹತ್ತಿದಳು. ಕರೆದದ್ದು ತನ್ನನ್ನೇ ಎಂದುಕೊಂಡು ಅಂದಳೋ, ಬೇಕೆಂದೇ ಅಂದಳೋ, ನಾನು ಇಂದಿಗೂ ಕೇಳಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನೇರ ಜಗಲಿಗೆ ಬಂದು ಅಂಬುಜಾಕ್ಷಮ್ಮನವರ ಪಕ್ಕದಲ್ಲಿ ಕೂತಳು. ಅವರು ಒಂದು ಗಳಿಗೆ ಅವಳನ್ನೇ ನೋಡಿ, ಲೋಟವನ್ನು ಎತ್ತಿ ಅವಳ ಕೈಗೆ ಕೊಟ್ಟರು. ಬಿಸಿಗೆ ದುಂಡಕ್ಕ ಅದನ್ನು ಸೆರಗಿನಲ್ಲಿ ಹಿಡಿದು ಊದಿ ಊದಿ ಕುಡಿದಳು. ಆ ದಿನ ಆ ಮನೆಯಲ್ಲಿ ಕಾಫಿ ಆರಲಿಲ್ಲ.